ದೂರು ಕೊಡಲಾರದವರ ದೂರು



ಒಂದು ಕಾಯ್ದೆಯನ್ನು ಕಥೆಯನ್ನೋ ಕಾವ್ಯವನ್ನೋ ಓದುವಂತೆ ಪದಪದವಾಗಿ ಓದುವ ರೂಢಿ ನಮ್ಮಲ್ಲಿಲ್ಲ. ವಕೀಲರು ಓದುತ್ತಾರೆ, ಅಧಿಕಾರಿಗಳು ಓದುತ್ತಾರೆ. ಅದು ಯಾರ ಹಿತಕ್ಕಾಗಿ ಹುಟ್ಟಿತೋ ಅವರು ಮಾತ್ರ ಅದರ ಹೆಸರನ್ನಷ್ಟೇ ಎಲ್ಲೋ ಕೇಳಿರುತ್ತಾರೆ. 2007ರ ಡಿಸೆಂಬರ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಅಂಥದ್ದೊಂದು ಬರಹ. ನಮ್ಮ ರಾಜ್ಯದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿಯಮಗಳು 2009ರಲ್ಲಿ ರೂಪುಗೊಂಡವು. ಇಷ್ಟು ವರ್ಷಗಳಾದ ಮೇಲೆ ಅದನ್ನು ತಾಳ್ಮೆಯಿಂದ ಓದಿ, ಅದು ಹೇಳಿದ್ದೇನು, ಹೇಳದೆ ಉಳಿಸಿದ್ದೇನು ಎಂದು ವಿಮರ್ಶಿಸುವುದು ಇಂದು ಅಗತ್ಯವಾಗಿದೆ. ಏಕೆಂದರೆ ನಮ್ಮ ಪ್ರತಿಯೊಂದು ಕುಟುಂಬದಲ್ಲೂ ಒಬ್ಬರಾದರೂ ಹಿರಿಯರಿದ್ದಾರೆ. ಇಲ್ಲದಿದ್ದರೆ ನಾವೇ ಆ ವಯಸ್ಸಿನತ್ತ ನಡೆಯುತ್ತಿದ್ದೇವೆ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ, ಅಂದರೆ ಜನಸಂಖ್ಯೆಯ ಶೇಕಡ 8.6. ಕರ್ನಾಟಕದಲ್ಲಿ ಅವರ ಪಾಲು ಶೇಕಡ 9.5, ಕೇರಳದಲ್ಲಿ ಶೇಕಡ 12.6. ಆ ಗಣತಿಯ ಬಳಿಕ ಈ ಸಂಖ್ಯೆ ಏರುತ್ತಲೇ ಬಂದಿದೆ. ಆದ್ದರಿಂದ ಹಿರಿಯರ ಆರೈಕೆಯ ಪ್ರಶ್ನೆ ಯಾವುದೋ ಕೆಲವು ನತದೃಷ್ಟ ಮನೆಗಳ ಪ್ರಶ್ನೆಯಾಗಿ ಉಳಿದಿಲ್ಲ.

ಕಾಯ್ದೆ ಕೊಟ್ಟದ್ದು

ಮೊದಲು ಅದರ ಒಳಿತನ್ನು ಒಪ್ಪಿಕೊಳ್ಳೋಣ. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿಯರು ಮಕ್ಕಳಿಂದ ಪೋಷಣೆ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂದು ಅದು ಸ್ಪಷ್ಟಪಡಿಸಿತು. ಮಕ್ಕಳಿಲ್ಲದವರು, ತಮ್ಮ ಆಸ್ತಿಗೆ ವಾರಸುದಾರರಾಗಬಲ್ಲ ಬಂಧುಗಳಿಂದ ಪೋಷಣೆ ಕೇಳಬಹುದು. ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನ್ಯಾಯಮಂಡಳಿಯ ಪೀಠದಲ್ಲಿ ಕುಳಿತು ಅರ್ಜಿಯನ್ನು ಕೇಳಬೇಕು. ಎದುರು ಪಕ್ಷಕ್ಕೆ ನೋಟೀಸು ತಲುಪಿದ 90 ದಿನಗಳೊಳಗೆ ತೀರ್ಮಾನಿಸಬೇಕು. ವಿಶೇಷ ಸಂದರ್ಭದಲ್ಲಿ ಮಾತ್ರ ಇನ್ನೂ 30 ದಿನ. ವಕೀಲರ ಹಂಗಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣೆ ಕೊಡಿಸುವ ಅಧಿಕಾರವನ್ನು ಆ ಕಾಯ್ದೆ ನೀಡಿತು. ‘ನಿಮ್ಮನ್ನು ನೋಡಿಕೊಳ್ಳುತ್ತೇವೆ’ ಎಂಬ ಮಾತಿನ ಮೇಲೆ ಆಸ್ತಿ ಬರೆಸಿಕೊಂಡು ಅನಂತರ ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದುಪಡಿಸಲು ಅವಕಾಶವಿದೆ. ಹಿರಿಯರನ್ನು ತೊರೆದು ಹೋಗುವುದು ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾದ ಅಪರಾಧ.

ಕಣ್ಣೀರು ಹಾಕಿಕೊಂಡು ಮೂಲೆಯಲ್ಲಿ ಕುಳಿತಿರುತ್ತಿದ್ದ ಎಷ್ಟೋ ತಾಯಂದಿರು ಈ ಕಾಯ್ದೆಯ ಬಲದಿಂದ ತಮ್ಮ ಮನೆಗೆ ಮರಳಿದ್ದಾರೆ. ಅದನ್ನು ಅಲ್ಲಗಳೆಯುವ ಉದ್ದೇಶ ಈ ಲೇಖನದ್ದಲ್ಲ.

ಆದರೆ ಓದುಗರೇ, ಗಮನಿಸಿ. ಇಷ್ಟೆಲ್ಲ ಏರ್ಪಾಡೂ ಒಂದೇ ಒಂದು ಘಟನೆಯಿಂದ ಆರಂಭವಾಗುತ್ತದೆ. ಹಿರಿಯರು ಅರ್ಜಿ ಕೊಡಬೇಕು.

ಹೊಸಿಲು ದಾಟಲಾರದವರು

ಅರ್ಜಿ ಕೊಡುವುದೆಂದರೆ ಏನು? ಸುಳ್ಯದ ಒಳಹಳ್ಳಿಯ ಒಬ್ಬ ವೃದ್ಧೆ ಪುತ್ತೂರಿನ ಉಪವಿಭಾಗಾಧಿಕಾರಿಯ ಕಚೇರಿಗೆ ಬರಬೇಕು. ಹನೂರಿನ ಕಾಡಂಚಿನವರು ಕೊಳ್ಳೇಗಾಲಕ್ಕೆ ಬರಬೇಕು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಬೇಕು, ಜೊತೆಗೊಬ್ಬರು ಬೇಕು, ಆಧಾರ ಪತ್ರಗಳು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹೆತ್ತ ಮಗನ ಹೆಸರನ್ನು ಎದುರುದಾರನ ಜಾಗದಲ್ಲಿ ಬರೆಸುವ ಗಟ್ಟಿ ಮನಸ್ಸು ಬೇಕು. ಧರ್ಮಕೇಂದ್ರಗಳಲ್ಲಿ ಮನೆಭೇಟಿ ಮಾಡುವವರಿಗೆಲ್ಲ ಇದು ಗೊತ್ತಿರುವ ಸಂಗತಿ: ತಟ್ಟೆಯಲ್ಲಿ ತಂಗಳು ಬಡಿಸಿದರೂ ತಾಯಿ ಹೊರಗಿನವರ ಮುಂದೆ ಮಗನನ್ನು ಬಿಟ್ಟುಕೊಡುವುದಿಲ್ಲ. ‘ಅವನಿಗೂ ಕಷ್ಟವಿದೆ’ ಎನ್ನುತ್ತಾಳೆ. ದೂರು ಕೊಟ್ಟು ಗೆದ್ದರೂ ಸಂಜೆ ಹಿಂತಿರುಗಬೇಕಾದದ್ದು ಅದೇ ಮನೆಗೆ ಎಂಬ ಅರಿವು ಅವಳಿಗಿದೆ.

ಹಾಸಿಗೆ ಹಿಡಿದವರ ಮಾತಂತೂ ಬೇರೆಯೇ. ನೆನಪು ಮಾಸಿದವರಿಗೆ ತಮಗೆ ಅನ್ಯಾಯವಾಗಿದೆ ಎಂಬುದೂ ತಿಳಿಯದು. ಅಶಕ್ತರ ಪರವಾಗಿ ಅವರಿಂದ ಅಧಿಕಾರ ಪಡೆದ ಬೇರೊಬ್ಬರು ಅರ್ಜಿ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು ಎಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದನ್ನು ಆ ಅಧಿಕಾರಿಗೆ ತಿಳಿಸುವವರು ಯಾರು? ಅವರ ಮೇಜಿನ ಮೇಲೆ ಭೂದಾಖಲೆಗಳಿವೆ, ಚುನಾವಣೆಯ ಕೆಲಸವಿದೆ, ನೆರೆ ಮತ್ತು ಬರದ ಪರಿಹಾರವಿದೆ. ಅವುಗಳ ನಡುವೆ ಅವರು ತಾವಾಗಿ ಒಂದು ಹಳ್ಳಿಯ ಹಿತ್ತಿಲ ಕೋಣೆಯನ್ನು ಹುಡುಕಿಕೊಂಡು ಬರುವುದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸಹಾಯವಾಣಿಗಳೂ ಇವೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ಒಂದು ಸೇವಾಸಂಸ್ಥೆ ಸೇರಿ 2002ರಲ್ಲಿ ಹಿರಿಯರ ಸಹಾಯವಾಣಿ ಆರಂಭಿಸಿದರು. 2021ರಿಂದ ದೇಶವ್ಯಾಪಿಯಾಗಿ 14567 ಎಂಬ ಸಂಖ್ಯೆ ಬಳಕೆಗೆ ಬಂದಿತು. ಇವು ಉಪಯುಕ್ತವೇ. ಆದರೆ ಇಲ್ಲಿಯೂ ಮೊದಲು ಫೋನೆತ್ತಬೇಕಾದವರು ಹಿರಿಯರೇ. ಕಿವಿ ಕೇಳದ, ಕಣ್ಣು ಮಬ್ಬಾದ, ಕೈಯಲ್ಲಿ ಫೋನೇ ಇಲ್ಲದ ವ್ಯಕ್ತಿಗೆ ಆ ಸಂಖ್ಯೆ ಗೋಡೆಯ ಮೇಲಿನ ಬರಹ ಮಾತ್ರ.

ಹೀಗೆ ನಮ್ಮ ಇಡೀ ರಕ್ಷಣಾ ವ್ಯವಸ್ಥೆ ದೂರಿಗಾಗಿ ಕಾಯುತ್ತದೆ. ಯಾರ ಸ್ಥಿತಿ ಅತ್ಯಂತ ಶೋಚನೀಯವೋ ಅವರೇ ದೂರು ಕೊಡಲಾರದವರು. ನನ್ನ ಆಕ್ಷೇಪಣೆಯ ತಿರುಳು ಇದು.

‘ಬಹುದು’ ಮತ್ತು ‘ಸಾಧ್ಯವಾದಷ್ಟು’

ಕಾಯ್ದೆಯ ಭಾಷೆಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಮಕ್ಕಳ ಕರ್ತವ್ಯದ ವಿಷಯಕ್ಕೆ ಬಂದಾಗ ಅದರ ದನಿ ಖಚಿತವಾಗಿದೆ. ಸರ್ಕಾರದ ಕರ್ತವ್ಯದ ವಿಷಯಕ್ಕೆ ಬಂದಾಗ ದನಿ ತಗ್ಗುತ್ತದೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದರಂತೆ ಆರಂಭಿಸಿ, ನಿರ್ಗತಿಕರಾದ ಕನಿಷ್ಠ 150 ಹಿರಿಯರಿಗೆ ಇರಲು ಅನುಕೂಲವಾಗುವಂಥ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದು ಎನ್ನುತ್ತದೆ 19ನೆಯ ಪ್ರಕರಣ. ‘ಸ್ಥಾಪಿಸತಕ್ಕದ್ದು’ ಎನ್ನುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸರದಿ ಇರಬೇಕು ಎಂದು 20ನೆಯ ಪ್ರಕರಣ ಕಡ್ಡಾಯದ ಮಾತಿನಲ್ಲೇ ಹೇಳಿದರೂ, ಹಾಸಿಗೆಗಳ ಮಾತಿಗೆ ‘ಸಾಧ್ಯವಾದಷ್ಟು’ ಎಂಬ ಪದ ಬಂದು ಸೇರಿಕೊಳ್ಳುತ್ತದೆ.

2018ರ ಡಿಸೆಂಬರ್ ತಿಂಗಳಲ್ಲಿ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ಗಂಭೀರವಾಗಿ ಪರಿಗಣಿಸಿತು. ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ, ಹಿರಿಯರಿಗೆ ಯಾವ ವೈದ್ಯಕೀಯ ಸೌಲಭ್ಯಗಳಿವೆ ಎಂಬ ಮಾಹಿತಿಯನ್ನು ರಾಜ್ಯಗಳಿಂದ ಸಂಗ್ರಹಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಕಾಯ್ದೆ ಬಂದು ಹನ್ನೊಂದು ವರ್ಷ ಕಳೆದ ಮೇಲೆ, ಎಷ್ಟು ಮನೆಗಳಿವೆ ಎಂಬ ಎಣಿಕೆಯನ್ನೇ ನ್ಯಾಯಾಲಯ ಕೇಳಬೇಕಾಯಿತು ಎಂಬುದನ್ನು ಯೋಚಿಸಿ.

ಈ ಕೊರತೆಗಳನ್ನು ತುಂಬಲು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆಯೊಂದು ಮಂಡನೆಯಾಯಿತು. ಪೋಷಣೆಯ ಮೊತ್ತಕ್ಕಿದ್ದ 10,000 ರೂಪಾಯಿಯ ಮಿತಿಯನ್ನು ತೆಗೆಯುವುದು, ಹಿರಿಯರ ಆರೈಕೆಯ ಮನೆಗಳಿಗೆ ನೋಂದಣಿ ಮತ್ತು ಕನಿಷ್ಠ ಮಟ್ಟವನ್ನು ಗೊತ್ತುಪಡಿಸುವುದು, ಮನೆಗೇ ಬಂದು ಆರೈಕೆ ಮಾಡುವ ಸಂಸ್ಥೆಗಳನ್ನು ನಿಯಮಕ್ಕೊಳಪಡಿಸುವುದು, ಪ್ರತಿ ಪೊಲೀಸ್ ಠಾಣೆಯಲ್ಲಿ ಹಿರಿಯರಿಗಾಗಿ ಒಬ್ಬ ಅಧಿಕಾರಿಯನ್ನು ಗುರುತಿಸುವುದು ಅದರ ಮುಖ್ಯ ಅಂಶಗಳಾಗಿದ್ದವು. ಅದು ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿಯನ್ನೂ ಕೊಟ್ಟಿತು. ಆದರೆ 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು.

ಇನ್ನೂ ಒಂದು ಸಂಗತಿ ಬಹುಜನರಿಗೆ ತಿಳಿಯದು. ಕೇಂದ್ರ ಸರ್ಕಾರ ರಾಜ್ಯಗಳಿಗಾಗಿ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ ಭೇಟಿಯ ಮಾತು ಇದೆ. ಪ್ರತಿ ಪೊಲೀಸ್ ಠಾಣೆ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿ ವಾಸಿಸುವವರ ಪಟ್ಟಿಯನ್ನು ಇಟ್ಟುಕೊಳ್ಳಬೇಕು. ಠಾಣೆಯ ಪ್ರತಿನಿಧಿ ಸಾಧ್ಯವಾದಷ್ಟೂ ಸಮಾಜ ಕಾರ್ಯಕರ್ತರೊಬ್ಬರ ಜೊತೆಗೂಡಿ ತಿಂಗಳಿಗೊಮ್ಮೆಯಾದರೂ ಅವರನ್ನು ಭೇಟಿ ಮಾಡಬೇಕು. ಎಂಥ ಸುಂದರ ಕಲ್ಪನೆ! ಆದರೆ ಅದನ್ನು ವಹಿಸಿದ್ದು ಯಾರಿಗೆ? ಪೊಲೀಸರಿಗೆ. ಹಳ್ಳಿಯ ಮನೆಯ ಮುಂದೆ ಪೊಲೀಸ್ ವಾಹನ ನಿಂತರೆ ನೆರೆಹೊರೆಯವರು ಕಳ್ಳತನವಾಯಿತೇ, ಜಗಳವಾಯಿತೇ ಎಂದು ಕೇಳುತ್ತಾರೆ. ಹಿರಿಯರನ್ನು ವಿಚಾರಿಸುವ ಕೆಲಸ ಅಪರಾಧ ತಡೆಯುವ ಇಲಾಖೆಗೆ ಸೇರಿತು; ಊರನ್ನು ನಡೆಸುವ ಪಂಚಾಯಿತಿಗೆ ಸೇರಲಿಲ್ಲ.

ತುಂಡುತುಂಡಾದ ಮನುಷ್ಯ

ಕಾಯ್ದೆಯಿಂದಾಚೆ ಬಂದು ಹಿರಿಯರಿಗೆ ಸಿಗುವ ಸೇವೆಗಳನ್ನು ನೋಡೋಣ. ರಾಷ್ಟ್ರೀಯ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ಆರಂಭವಾಯಿತು. 2011ರಲ್ಲಿ ಅದರ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು. ಎಂಬತ್ತಕ್ಕಿಂತ ಕಡಿಮೆ ವಯಸ್ಸಿನವರಿಗೆ ಕೇಂದ್ರ ಕೊಡುವ ಪಾಲು ಒಂದು ದಶಕಕ್ಕೂ ಹೆಚ್ಚು ಕಾಲ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿತು. ರಾಜ್ಯ ಸರ್ಕಾರ 2007ರಲ್ಲಿ 65 ದಾಟಿದವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಅದರ ಮಾಸಿಕ ಮೊತ್ತ 2021ರ ಹೊತ್ತಿಗೆ 1,200 ರೂಪಾಯಿ ಆಯಿತು. ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಲ್ಲಿ ರೂಪುಗೊಂಡಿತು. 2024ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರ್ಕಾರ 70 ದಾಟಿದವರೆಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ವಿಮೆಯನ್ನು ವಿಸ್ತರಿಸಿತು.

ಯೋಜನೆಗಳು ಇಲ್ಲವೆನ್ನುವಂತಿಲ್ಲ. ಆದರೆ ಪಿಂಚಣಿ ಕಂದಾಯ ಇಲಾಖೆಯದು. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಔಷಧ ಆರೋಗ್ಯ ಇಲಾಖೆಯದು. ಗುರುತಿನ ಚೀಟಿ ಮತ್ತು ವೃದ್ಧಾಶ್ರಮ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಪಡಿತರ ಆಹಾರ ಇಲಾಖೆಯದು. ಪೋಷಣೆಯ ದಾವೆ ಉಪವಿಭಾಗಾಧಿಕಾರಿಯದು. ಒಂಟಿತನದಲ್ಲಿರುವವರ ಪಟ್ಟಿ ಪೊಲೀಸರದು. ಒಬ್ಬ ಅಜ್ಜಿ ಈ ಕಡತಗಳಲ್ಲೆಲ್ಲ ತುಂಡುತುಂಡಾಗಿ ಹಂಚಿಹೋಗಿದ್ದಾಳೆ. ಒಂದರಲ್ಲಿ ಅವಳು ಪಿಂಚಣಿದಾರಳು, ಇನ್ನೊಂದರಲ್ಲಿ ರೋಗಿ, ಮತ್ತೊಂದರಲ್ಲಿ ಅರ್ಜಿದಾರಳು. ಅವಳು ಈ ಊರಿನ ನಿವಾಸಿ ಎಂದು ಇಡಿಯಾಗಿ ಕಾಣುವ ಕಡತ ಎಲ್ಲಿದೆ?

ಇದರ ಪರಿಣಾಮವೇನು? ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಲಿಲ್ಲವೆಂದು ಅಥವಾ ಹೆಸರಿನ ಅಕ್ಷರ ಹೊಂದಲಿಲ್ಲವೆಂದು ಪಿಂಚಣಿ ನಿಂತರೆ ಕಂದಾಯದ ಗಣಕದಲ್ಲಿ ಅದು ಒಂದು ತಾಂತ್ರಿಕ ದೋಷ. ದುಡಿದು ದುಡಿದು ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಪಡಿತರದ ಯಂತ್ರ ಒಪ್ಪದಿದ್ದರೆ ಅಲ್ಲಿ ಇನ್ನೊಂದು ದೋಷ. ಆ ಎರಡು ದೋಷಗಳೂ ಒಂದೇ ಮನೆಯಲ್ಲಿ ಸೇರಿದಾಗ ರಕ್ತದೊತ್ತಡದ ಮಾತ್ರೆ ತಪ್ಪುತ್ತದೆ, ರಾತ್ರಿಯೂಟ ತಪ್ಪುತ್ತದೆ. ಯಾವ ಇಲಾಖೆಯೂ ತಪ್ಪು ಮಾಡಿಲ್ಲ. ಆದರೂ ಒಬ್ಬರು ಹಸಿದು ಮಲಗಿದ್ದಾರೆ. ಈ ಬಗೆಯ ಕೊರತೆಯನ್ನು ಜಿಲ್ಲಾ ಕೇಂದ್ರದಿಂದ ಕಾಣಲಾಗದು. ಆ ಬೀದಿಯಲ್ಲಿ ನಡೆದು ಹೋಗುವವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ಪಟ್ಟಿಯಲ್ಲಿಲ್ಲದ ಹೆಸರು

ಬೀದಿಯಲ್ಲಿ ನಡೆದು ಹೋಗುವ ಸರ್ಕಾರ ಯಾವುದು? ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ. 1992ರಲ್ಲಿ ಸಂಸತ್ತು ಅಂಗೀಕರಿಸಿದ 73 ಮತ್ತು 74ನೆಯ ಸಂವಿಧಾನ ತಿದ್ದುಪಡಿಗಳು ಇವುಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟವು. ಗ್ರಾಮೀಣ ಸಂಸ್ಥೆಗಳಿಗೆ ವಹಿಸಬಹುದಾದ 29 ವಿಷಯಗಳು ಹನ್ನೊಂದನೆಯ ಅನುಸೂಚಿಯಲ್ಲಿವೆ. ನಗರ ಸಂಸ್ಥೆಗಳ 18 ವಿಷಯಗಳು ಹನ್ನೆರಡನೆಯದರಲ್ಲಿವೆ. ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ. ಮೀನುಗಾರಿಕೆಯಿದೆ, ಗ್ರಂಥಾಲಯವಿದೆ, ಜಾತ್ರೆ ಸಂತೆಗಳಿವೆ, ಸ್ಮಶಾನಗಳಿವೆ. ಮಹಿಳೆಯರು ಮತ್ತು ಮಕ್ಕಳ ಹೆಸರಿದೆ, ಅಂಗವಿಕಲರ ಹೆಸರಿದೆ. ವೃದ್ಧರ ಹೆಸರು ಎಲ್ಲಿಯೂ ಬಿಡಿಯಾಗಿ ಬರುವುದಿಲ್ಲ. ‘ಸಮಾಜ ಕಲ್ಯಾಣ’, ‘ದುರ್ಬಲ ವರ್ಗಗಳು’ ಎಂಬ ವಿಶಾಲ ಪದಗಳೊಳಗೆ ಅವರನ್ನು ಹುಡುಕಿಕೊಳ್ಳಬೇಕು. ಸ್ಮಶಾನದ ಹೊಣೆಯನ್ನು ಹೆಸರಿಟ್ಟು ವಹಿಸಿ, ಅಲ್ಲಿಗೆ ಹೋಗುವ ಮುಂಚಿನ ಹತ್ತಿಪ್ಪತ್ತು ವರ್ಷಗಳನ್ನು ಹೆಸರಿಸದೆ ಬಿಟ್ಟ ಪಟ್ಟಿಯನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಯಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು, ನಮ್ಮ ತಿ. ನರಸೀಪುರ ಅವುಗಳಲ್ಲೊಂದು. ಅಲ್ಲಿಂದ ಹಬ್ಬಿದ ಅಂಗನವಾಡಿ ಇಂದು ಹಳ್ಳಿಹಳ್ಳಿಯಲ್ಲಿದೆ. ಮಗುವಿನ ತೂಕ ಒಂದು ತಿಂಗಳು ಇಳಿದರೆ ಅದು ದಾಖಲೆಯಲ್ಲಿ ಕಾಣುತ್ತದೆ, ಮೇಲ್ವಿಚಾರಕಿ ಕೇಳುತ್ತಾರೆ, ತಾಯಿಯನ್ನು ಕರೆಸುತ್ತಾರೆ. ಮಗು ದೂರು ಕೊಡಬೇಕೆಂದು ಯಾರೂ ಕಾಯುವುದಿಲ್ಲ. ಅದೇ ಬೀದಿಯ ಎಂಬತ್ತು ವರ್ಷದ ಅಜ್ಜನ ತೂಕ ಹತ್ತು ಕಿಲೋ ಇಳಿದರೆ ಅದು ಯಾವ ಪುಸ್ತಕದಲ್ಲಿ ದಾಖಲಾಗುತ್ತದೆ?

ಮೇಲಿನ ಹಂತಗಳಲ್ಲಿ ಇನ್ನೊಂದು ತೊಡಕಿದೆ. ಉಸ್ತುವಾರಿ ನಡೆಸಲು ಚುನಾಯಿತ ಸಭೆಯಾದರೂ ಇರಬೇಕಲ್ಲವೇ? ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಪಾಲಿಕೆಯೇ 2025ರಲ್ಲಿ ಐದು ಭಾಗವಾಗುವವರೆಗೆ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಅಷ್ಟು ಕಾಲ ಹಿರಿಯರ ಸೇವೆಗಳ ಬಗ್ಗೆ ಅಧಿಕಾರಿಯನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನಿಸುವ ಜನಪ್ರತಿನಿಧಿ ಅಲ್ಲಿರಲಿಲ್ಲ. ಜನರಿಂದ ಆಯ್ಕೆಯಾದವರಿಲ್ಲದ ಕಡೆ ಉಸ್ತುವಾರಿ ಎಂಬುದು ಕಚೇರಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಅಂಕ ಕೊಟ್ಟುಕೊಂಡ ಹಾಗೆ.

ನೆರೆಯ ರಾಜ್ಯದ ಪಾಠ

ಇದು ಆಗದ ಮಾತು ಎನ್ನುವವರು ಗಡಿಯಾಚೆಯ ಕೇರಳದ ಕಡೆ ನೋಡಬೇಕು. ಕಲ್ಲಿಕೋಟೆಯಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ನೋವು ಉಪಶಮನ ಸೇವೆಯ ಸಂಘವೊಂದನ್ನು ಕಟ್ಟಿದರು. ಆಸ್ಪತ್ರೆಗೆ ಬಾರಲಾಗದವರ ಬಳಿಗೆ ಆಸ್ಪತ್ರೆಯೇ ಹೋಗಬೇಕು ಎಂಬ ಅರಿವಿನಿಂದ ಅದು ಮಲಪ್ಪುರಂ ಮುಂತಾದ ಕಡೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಯ ನೀತಿಯನ್ನು ಪ್ರಕಟಿಸಿ, ಅದರ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಪಂಚಾಯಿತಿಯೇ ತನ್ನ ಯೋಜನಾ ಹಣದಿಂದ ತರಬೇತಿ ಪಡೆದ ದಾದಿಯನ್ನು ನೇಮಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆಗೂಡಿ ಆ ದಾದಿ, ಆಶಾ ಕಾರ್ಯಕರ್ತೆ, ವಾರ್ಡಿನ ಸದಸ್ಯ, ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಅಲ್ಲಿ ಆರೈಕೆ ಪಡೆಯುವವರಲ್ಲಿ ಬಹಳಷ್ಟು ಮಂದಿ ವಯೋವೃದ್ಧರು.

ಇದರಲ್ಲಿ ಗಮನಿಸಬೇಕಾದದ್ದು ಔಷಧಕ್ಕಿಂತ ಹೆಚ್ಚಾಗಿ ಆ ನಡಿಗೆಯ ದಿಕ್ಕು. ವೃದ್ಧರು ಕಚೇರಿಗೆ ಹೋಗುವ ಬದಲು ಕಚೇರಿ ವೃದ್ಧರ ಬಳಿಗೆ ಹೋಗುತ್ತದೆ. ಹುಣ್ಣು ತೊಳೆಯಲು ಹೋದ ದಾದಿಗೆ ಆ ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ಕಾಣುತ್ತದೆ. ಪಿಂಚಣಿ ಬಂತೇ ಎಂದು ಕೇಳುವುದೂ ಸಹಜವಾಗುತ್ತದೆ. ಬೈದ ಮಾತಿನ ಗಾಯವೂ ಒಮ್ಮೊಮ್ಮೆ ಕಂಡೀತು. ಕೊರತೆ ಕಂಡರೆ ಅದನ್ನು ಹೇಳಲು ವಾರ್ಡಿನ ಸದಸ್ಯ ಪಕ್ಕದಲ್ಲಿಯೇ ಇದ್ದಾನೆ. ಆ ಸದಸ್ಯ ಮುಂದಿನ ಚುನಾವಣೆಯಲ್ಲಿ ಅದೇ ಮನೆಗೆ ಮತ ಕೇಳಲು ಬರಬೇಕು. ಉಸ್ತುವಾರಿ ಎಂದರೆ ಇದೇ.

ಕೇರಳದಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಪರದೇಶಕ್ಕೆ ಹೋಗಿ, ದೊಡ್ಡ ಮನೆಗಳಲ್ಲಿ ಒಂಟಿಯಾಗಿ ಉಳಿದ ಮುದುಕರ ಕಥೆ ಅಲ್ಲಿಯೂ ಇದೆ. ಆದರೆ ಹತ್ತಿರದ ಸರ್ಕಾರಕ್ಕೆ ಹಣ ಮತ್ತು ಹೊಣೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಅದು ಕೆಲಸ ಮಾಡಬಲ್ಲದು ಎಂಬುದಕ್ಕೆ ಅಲ್ಲಿ ಸಾಕ್ಷಿ ಇದೆ.

ಆಕ್ಷೇಪಣೆಗಳಿಗೆ ಉತ್ತರ

‘ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಅದರಲ್ಲಿ ಪಂಚಾಯಿತಿ ಏಕೆ ತಲೆ ಹಾಕಬೇಕು?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ಸಾಧುವಾದದ್ದೇ. ಆದರೆ ಆರೈಕೆಯ ಭಾರವನ್ನು ಹೊತ್ತ ಎಷ್ಟೋ ಮಕ್ಕಳು, ವಿಶೇಷವಾಗಿ ಸೊಸೆಯಂದಿರು ಮತ್ತು ಮದುವೆಯಾಗದೆ ಉಳಿದ ಹೆಣ್ಣುಮಕ್ಕಳು, ಒಂಟಿಯಾಗಿ ಬಳಲುತ್ತಿದ್ದಾರೆ. ತಿಂಗಳಿಗೊಮ್ಮೆ ದಾದಿಯೊಬ್ಬರು ಬಂದು ಹೋದರೆ ಅವರಿಗೆ ಅದು ಉಸಿರು. ನಾಲ್ಕು ಗೋಡೆಗಳ ನಡುವೆ ರೇಗುವ ಕೈ, ಹೊರಗಿನವರು ಬರುತ್ತಾರೆಂಬ ಅರಿವಿದ್ದಾಗ ತಡೆಯುತ್ತದೆ ಎಂಬುದೂ ಸುಳ್ಳಲ್ಲ. ಹಿರಿಯರ ಒಪ್ಪಿಗೆಯಿಲ್ಲದೆ ಅವರ ವಿಷಯವನ್ನು ಊರ ಬಾಯಿಗೆ ಹಾಕಬಾರದು ಎಂಬ ಎಚ್ಚರ ಮಾತ್ರ ಇರಲೇಬೇಕು.

‘ಪಂಚಾಯಿತಿಯಲ್ಲಿ ರಾಜಕೀಯವಿದೆ’ ಎಂಬುದು ಎರಡನೆಯ ಆಕ್ಷೇಪಣೆ. ಇದೆ. ತಮ್ಮ ಪಕ್ಷದವರಿಗೆ ಮನೆ ಮಂಜೂರು ಮಾಡುವವರು ತಮ್ಮವರಿಗೆ ಮಾತ್ರ ದಾದಿಯನ್ನು ಕಳಿಸಿಯಾರು. ಇದಕ್ಕೆ ಮದ್ದು ಹೊಣೆಯನ್ನು ಜಿಲ್ಲಾ ಕೇಂದ್ರಕ್ಕೆ ಕೊಂಡೊಯ್ಯುವುದಲ್ಲ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸುವುದು, ಖರ್ಚನ್ನು ಜಮಾಬಂದಿಯಲ್ಲಿ ಕೇಳುವುದು. ಹತ್ತಿರದ ತಪ್ಪನ್ನು ಹಿಡಿಯುವುದು ದೂರದ ತಪ್ಪನ್ನು ಹಿಡಿಯುವುದಕ್ಕಿಂತ ಸುಲಭ.

ಮೂರನೆಯದು ಹಣದ ಮತ್ತು ಜನದ ಪ್ರಶ್ನೆ. ವಿಕಲಚೇತನರಿಗಾಗಿ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಒಂದು ಪಾಲನ್ನು ಮೀಸಲಿಡುವ ಪದ್ಧತಿ ನಮ್ಮಲ್ಲಿದೆ; ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಇಲಾಖೆಯ ಹೆಸರಿನಲ್ಲಿಯೇ ಹಿರಿಯ ನಾಗರಿಕರೂ ಇದ್ದಾರೆ. ಅದೇ ದಾರಿಯನ್ನು ವೃದ್ಧರಿಗಾಗಿ ವಿಸ್ತರಿಸಲು ಹೊಸ ಜಗತ್ತನ್ನೇನೂ ಕಟ್ಟಬೇಕಾಗಿಲ್ಲ. ಆದರೆ ಈ ಕೆಲಸವನ್ನೂ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಪುಕ್ಕಟೆಯಾಗಿ ಕಟ್ಟುವುದು ಅನ್ಯಾಯ. ಅವರು ಪಡೆಯುವುದು ಗೌರವಧನ ಮಾತ್ರ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅದರ ಹೆಚ್ಚಳಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತದ್ದನ್ನು ನಾವು ಮರೆಯಬಾರದು. ಒಬ್ಬ ಬಡವಿಯ ಬೆವರಿನಿಂದ ಇನ್ನೊಬ್ಬ ಬಡವಿಯ ಆರೈಕೆಯನ್ನು ಸರ್ಕಾರ ಉಳಿತಾಯದ ಲೆಕ್ಕಕ್ಕೆ ಸೇರಿಸಬಾರದು.

ನಮ್ಮ ಅಂಗಳದಲ್ಲಿ

ಈ ವಿಮರ್ಶೆ ಸರ್ಕಾರದ ಬಾಗಿಲಲ್ಲಿಯೇ ನಿಂತುಬಿಟ್ಟರೆ ಅದು ಪೂರ್ಣವಾಗದು. ವೃದ್ಧಾಶ್ರಮಗಳನ್ನು ನಡೆಸುವುದರಲ್ಲಿ ಧರ್ಮಸಭೆಗೆ ದೀರ್ಘ ಪರಂಪರೆಯಿದೆ. ಕನ್ಯಾಭಗಿನಿಯರು ತಮ್ಮ ಯೌವನವನ್ನೇ ಪರರ ಮುಪ್ಪಿಗಾಗಿ ಸವೆಸಿದ್ದಾರೆ. ಆ ತ್ಯಾಗದ ಮುಂದೆ ತಲೆಬಾಗುತ್ತಲೇ ಒಂದು ಮಾತು ಹೇಳಬೇಕು: ಸದುದ್ದೇಶ ಪರಿಶೀಲನೆಗೆ ಬದಲಿಯಾಗಲಾರದು. ನಮ್ಮ ಆಶ್ರಮಗಳ ಬಾಗಿಲು ಸ್ಥಳೀಯ ಸಂಸ್ಥೆಯ ತಪಾಸಣೆಗೆ ತೆರೆದಿರಲಿ. ಎಷ್ಟು ಮಂದಿಗೆ ಎಷ್ಟು ಜನ ಆರೈಕೆಯವರಿದ್ದಾರೆ, ರಾತ್ರಿ ಯಾರಿರುತ್ತಾರೆ, ವೈದ್ಯರು ಯಾವಾಗ ಬರುತ್ತಾರೆ, ನಿವಾಸಿಯೊಬ್ಬರಿಗೆ ಅಸಮಾಧಾನವಾದರೆ ಯಾರಿಗೆ ಹೇಳಬೇಕು ಎಂಬುದು ಗೋಡೆಯ ಮೇಲೆ ಬರೆದಿರಲಿ. ಇಂಥ ಪ್ರಶ್ನೆಯಿಂದ ಸೇವೆಯ ಮಾನ ಕುಂದುವುದಿಲ್ಲ.

ಆದಿ ಕ್ರೈಸ್ತ ಸಮುದಾಯದಲ್ಲೇ ಈ ಪ್ರಶ್ನೆ ಎದ್ದಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರು ಅಲಕ್ಷ್ಯಕ್ಕೊಳಗಾಗಿದ್ದಾರೆ ಎಂಬ ಗೊಣಗಾಟ ಕೇಳಿಬಂದಾಗ ಪ್ರೇಷಿತರು ದೂರಿದವರನ್ನು ಗದರಲಿಲ್ಲ, ತಾಳ್ಮೆಯ ಬಗ್ಗೆ ಉಪದೇಶವನ್ನೂ ಮಾಡಲಿಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಲು ಸಮುದಾಯಕ್ಕೇ ಹೇಳಿದರು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದಲ್ಲಿ ಅರುವತ್ತು ದಾಟಿದ ವಿಧವೆಯರ ಪಟ್ಟಿಯ ಪ್ರಸ್ತಾಪವೂ ಇದೆ. ಅಂದು ಗಮನಕ್ಕೆ ಬಂದ ಲೋಪಕ್ಕೆ ಉತ್ತರವಾಗಿ ಒಂದು ಹೊಣೆಯುಳ್ಳ ವ್ಯವಸ್ಥೆ ಹುಟ್ಟಿತು.

ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಒಯ್ಯುವ ಪಟ್ಟಿ ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇರುತ್ತದೆ. ಆ ಭೇಟಿಗೆ ಹೋಗುವವರು ಪಿಂಚಣಿಯನ್ನೂ ಮಾತ್ರೆಯನ್ನೂ ವಿಚಾರಿಸಲಿ. ಬೇಲಿಯ ಆಚೆ ಇರುವ ಹಿಂದೂ, ಮುಸ್ಲಿಂ ಅಜ್ಜಿಯ ಬಾಗಿಲನ್ನೂ ತಟ್ಟಲಿ. ಆದರೆ ಇದರಿಂದ ಪಂಚಾಯಿತಿಯ ಹೊಣೆ ತೀರಿತೆಂದು ಭಾವಿಸಬಾರದು. ನಾವು ಕಂಡದ್ದನ್ನು ಹೇಳುವ ಸ್ಥಳ ಪಂಚಾಯಿತಿಯೇ.

ಗ್ರಾಮಸಭೆಯಲ್ಲಿ ಕೇಳಬೇಕಾದದ್ದು

ಕೊನೆಯದಾಗಿ, ಓದುಗರೇ, ನಿಮ್ಮಿಂದ ಒಂದು ಕೆಲಸವನ್ನು ಬೇಡುತ್ತೇನೆ. ಗ್ರಾಮಸಭೆಗೋ ವಾರ್ಡ್ ಸಭೆಗೋ ನಮ್ಮವರು ಹೋಗುವುದು ಕಡಿಮೆ. ಹೋದವರು ರಸ್ತೆ, ನೀರು, ದೀಪದ ಬಗ್ಗೆ ಕೇಳಿ ಬರುತ್ತಾರೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ನಾಲ್ಕು ಪ್ರಶ್ನೆಗಳನ್ನು ಕೇಳಿ. ಈ ಊರಿನಲ್ಲಿ ಒಂಟಿಯಾಗಿ ಅಥವಾ ಹಾಸಿಗೆ ಹಿಡಿದು ಬಾಳುತ್ತಿರುವ ಹಿರಿಯರು ಎಷ್ಟು ಮಂದಿ? ಅವರಲ್ಲಿ ಯಾರಿಗೆ ಪಿಂಚಣಿಯೋ ಪಡಿತರವೋ ನಿಂತಿದೆ, ಏಕೆ ನಿಂತಿದೆ? ಕಳೆದ ತಿಂಗಳು ಅವರ ಮನೆಗೆ ಯಾರು ಹೋಗಿ ಬಂದರು? ಈ ವರ್ಷದ ಯೋಜನೆಯಲ್ಲಿ ಅವರಿಗಾಗಿ ಇಟ್ಟ ಹಣ ಎಷ್ಟು?

ಮೊದಲ ಸಲ ಉತ್ತರ ಸಿಗದಿರಬಹುದು. ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ. ಆರು ತಿಂಗಳ ಅನಂತರದ ಸಭೆಯಲ್ಲಿ ಆ ಪುಟವನ್ನು ತೆರೆದು ಓದಲು ಹೇಳಿ. ನಿಮ್ಮ ಜೊತೆ ಬರಲಾಗದ ಒಬ್ಬ ಹಿರಿಯರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಆ ಸಭೆಯಲ್ಲಿ ಗಟ್ಟಿಯಾಗಿ ಹೇಳಿ.